ತಿಳಿವಳಿಕೆಯ ಹೊಣೆ ಯಾರದು?

"ನಾನು ಹೇಳಿದೆನು, ಅವನು ತಿಳಿದುಕೊಳ್ಳಲಿಲ್ಲ, ತಪ್ಪು ನನ್ನದಲ್ಲ" ಎಂಬ ಮಾತನ್ನು ನಾವೆಲ್ಲರೂ ಒಂದಲ್ಲ ಒಂದು ಸಮಯದಲ್ಲಿ ಆಡಿರುವೆವು. ತಂದೆಯು ಮಗನ ವಿಷಯದಲ್ಲಿಯೂ, ಅಧಿಕಾರಿಯು ಗುಮಾಸ್ತನ ವಿಷಯದಲ್ಲಿಯೂ, ಗುರುವು ಶಿಷ್ಯನ ವಿಷಯದಲ್ಲಿಯೂ ಹೀಗೆ ಹೇಳಿ ನಿಶ್ಚಿಂತರಾಗುವುದುಂಟು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಉಪಾಧ್ಯಾಯವೃತ್ತಿಯಲ್ಲಿದ್ದ ನಾನು ಈ ಮಾತನ್ನು ಎಷ್ಟು ಸಲ ಆಡಿರುವೆನೋ ಲೆಕ್ಕವಿಲ್ಲ. ಆದರೆ ಬಾಯಿಂದ ಶಬ್ದವು ಹೊರಟ ಮಾತ್ರಕ್ಕೆ ಹೇಳಿದಂತಾಯಿತೆ? ತಿಳಿಯದೆ ಹೋದುದರ ಹೊಣೆಯು ಆಡಿದವನದೋ, ಕೇಳಿದವನದೋ? ಮೇಲಿಂದ ನೋಡುವುದಕ್ಕೆ ಇದು ವ್ಯಾಕರಣದ ಪ್ರಶ್ನೆಯಂತೆ ಕಂಡರೂ ವಿಚಾರಮಾಡಿದರೆ ಧರ್ಮದ ಪ್ರಶ್ನೆಯೇ ಆಗಿದೆ. ಈ ಪ್ರಶ್ನೆಯು ನನ್ನ ಮನಸ್ಸಿನಲ್ಲಿ ಹುಟ್ಟಿದುದು ಗ್ರಂಥಗಳನ್ನು ಓದಿದುದರಿಂದಲ್ಲ. ಆದುದರಿಂದ ಅದು ಹುಟ್ಟಿದ ಬಗೆಯನ್ನೇ ಮೊದಲು ನಿವೇದಿಸುವೆನು.

1994ರಲ್ಲಿ ನಾನು ಒಂದು ಗ್ರಾಮಾಂತರ ಪ್ರೌಢಶಾಲೆಯಲ್ಲಿದ್ದೆನು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಬಡ ಹುಡುಗನಿದ್ದನು. ಅವನಿಗೆ ಶಬ್ದಗಳ ಮೇಲೆ ಸಹಜವಾದ ಪ್ರೀತಿಯಿತ್ತು. ಒಂದು ಸಮಾಸವನ್ನು ಬಿಡಿಸಿ ತೋರಿಸಿದರೆ ಮತ್ತೆರಡನ್ನು ತಾನೇ ಬಿಡಿಸುತ್ತಿದ್ದನು. ಅವನಿಗೆ ವಿದ್ಯಾರ್ಥಿವೇತನವನ್ನು ಕೊಡಿಸಬೇಕೆಂದು ನಾನು ಅರ್ಜಿಯನ್ನು ತರಿಸಿದ್ದೆನು. ಅದಕ್ಕೆ ತಂದೆಯ ರುಜುವು ಅವಶ್ಯವಾಗಿದ್ದಿತು. ಒಂದು ದಿನ ಪಾಠವು ಮುಗಿದು ಗಂಟೆ ಹೊಡೆಯುತ್ತಿರಲು, ಬಾಗಿಲಲ್ಲಿ ನಿಂತು, "ಏನಯ್ಯಾ, ನಾಳೆ ನಿಮ್ಮ ತಂದೆಯನ್ನು ಕರೆದುಕೊಂಡು ಬಾ; ಮರೆಯಬೇಡ" ಎಂದು ಹೇಳಿ ಹೊರಟುಹೋದೆನು. ಮಾರನೆಯ ದಿನ ತಂದೆಯೂ ಬರಲಿಲ್ಲ, ಮಗನೂ ಬರಲಿಲ್ಲ. ವಾರ ಕಳೆಯಿತು. ಪರೀಕ್ಷೆಯ ಕೆಲಸಗಳು ತಲೆಯ ಮೇಲಿದ್ದುವು. ಓದಿನಲ್ಲಿ ಆ ಮನೆಯವರಿಗೆ ಆಸಕ್ತಿಯಿಲ್ಲವೆಂದು ನಾನೇ ನಿರ್ಣಯಿಸಿಕೊಂಡು ಅರ್ಜಿಯನ್ನು ಮೇಜಿನ ಖಾನೆಯೊಳಗೆ ಹಾಕಿದೆನು.

ನಾಲ್ಕು ತಿಂಗಳಾದ ಮೇಲೆ ಸಂತೆಯಲ್ಲಿ ಅವನ ತಂದೆಯು ಸಿಕ್ಕಿ, ಕೈಮುಗಿದು, "ಮೇಷ್ಟ್ರೇ, ನನ್ನ ಮಗ ಏನು ತಪ್ಪು ಮಾಡಿದ್ದ? ಎಷ್ಟು ಕೇಳಿದರೂ ಹೇಳಲಿಲ್ಲ. ಸ್ಕೂಲಿನಿಂದ ತೆಗೆದುಹಾಕುತ್ತಾರೆ ಅಂತ ಅತ್ತುಕೊಂಡು ಕೂತ. ಈಗ ಪಟ್ಟಣದಲ್ಲಿ ಹೋಟೆಲಿನಲ್ಲಿ ಲೋಟ ತೊಳೆಯುತ್ತಾನೆ" ಎಂದನು. ನಾನು ನಡೆದುದನ್ನು ತಿಳಿಸಿದೆನು. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಂತ ಒಂದು ಮಾತು ಅವನಿಗೆ ಹೇಳಬಾರದಾಗಿತ್ತೇ?" ಎಂದನು. ನಾನು ಆ ಹುಡುಗನನ್ನು ಕರೆಸಲು ಎರಡು ಸಲ ಹೇಳಿ ಕಳುಹಿಸಿದೆನು. ಅವನು ಬರಲಿಲ್ಲ. ಆ ವೇಳೆಗೆ ಅವನ ಸಂಬಳದ ಹಣವು ಮನೆಗೆ ಬೇಕಾಗಿದ್ದಿತು.

ನಾನು ಆಡಿದ ವಾಕ್ಯದಲ್ಲಿ ಕ್ಲಿಷ್ಟವಾದ ಪದವೊಂದೂ ಇರಲಿಲ್ಲ. ಕರ್ತೃ, ಕರ್ಮ, ಕ್ರಿಯೆಗಳೆಲ್ಲವೂ ಸ್ಥಾನದಲ್ಲಿಯೇ ಇದ್ದುವು. ಆದರೂ ನಾನು ಉದ್ದೇಶಿಸಿದ ಅರ್ಥಕ್ಕೆ ನೇರವಾಗಿ ವಿರುದ್ಧವಾದ ಅರ್ಥವು ಆ ಬಾಲಕನ ಮನಸ್ಸಿನಲ್ಲಿ ಹುಟ್ಟಿತು. ಇದು ಹೇಗೆ ಸಂಭವಿಸಿತೆಂಬುದನ್ನು ತಿಳಿಯಬೇಕಾದರೆ ಮಾತಿನ ವ್ಯಾಪಾರವು ಎಂತಹುದೆಂಬುದನ್ನು ನೋಡಬೇಕು.

ಅರ್ಥವೆಂಬುದು ಒಂದು ವಸ್ತುವೆಂದೂ, ಮಾತೆಂಬುದು ಅದನ್ನು ತುಂಬಿ ಕಳುಹಿಸುವ ಪಾತ್ರೆಯೆಂದೂ, ಕೇಳುವವನು ಪಾತ್ರೆಯನ್ನು ತೆರೆದು ಇಟ್ಟುದನ್ನು ಇಟ್ಟ ಹಾಗೆಯೇ ತೆಗೆದುಕೊಳ್ಳುವನೆಂದೂ ಸಾಮಾನ್ಯವಾದ ಭಾವನೆಯಿದೆ. ಇದು ಸರಿಯಲ್ಲ. ಒಬ್ಬನಿಂದ ಇನ್ನೊಬ್ಬನೆಡೆಗೆ ಹೋಗತಕ್ಕುದು ಧ್ವನಿಮಾತ್ರ, ಇಲ್ಲವೆ ಅಕ್ಷರಮಾತ್ರ. ಅರ್ಥವು ಕೇಳುವವನ ಬುದ್ಧಿಯಲ್ಲಿ ಹೊಸದಾಗಿಯೇ ಹುಟ್ಟಬೇಕು. ಅವನಲ್ಲಿ ಮೊದಲೇ ಇರುವ ಸಂಸ್ಕಾರಗಳಿಂದಲೇ ಅದು ಹುಟ್ಟಬೇಕು. ಬಿತ್ತುವವನು ಬೀಜವನ್ನು ಹಾಕಬಲ್ಲನೇ ಹೊರತು ನೆಲವನ್ನು ತನ್ನ ಚೀಲದಲ್ಲಿ ತರಲಾರನು.

ನಮ್ಮ ಪೂರ್ವಿಕರು ಇದನ್ನು ಶಾಬ್ದಬೋಧವೆಂಬ ಹೆಸರಿನಿಂದ ಬಹು ಸೂಕ್ಷ್ಮವಾಗಿ ವಿಮರ್ಶಿಸಿರುವರು. ವಾಕ್ಯದಿಂದ ಅರ್ಥವು ತಿಳಿಯಬೇಕಾದರೆ ಪದಗಳಿಗೆ ಪರಸ್ಪರ ಆಕಾಂಕ್ಷೆಯಿರಬೇಕು. "ಹಸು, ಕುದುರೆ, ಮನುಷ್ಯ, ಆನೆ" ಎಂದು ಸುಮ್ಮನೆ ಜೋಡಿಸಿದರೆ ವಾಕ್ಯವಾಗದು. ಯೋಗ್ಯತೆಯಿರಬೇಕು, "ಬೆಂಕಿಯಿಂದ ಗಿಡಕ್ಕೆ ನೀರೆರೆದನು" ಎಂದರೆ ಪದಗಳು ಸರಿಯಾಗಿದ್ದರೂ ಅರ್ಥವು ಕೂಡದು. ಸನ್ನಿಧಿಯಿರಬೇಕು, ಒಂದು ಪದವನ್ನು ಬೆಳಿಗ್ಗೆಯೂ ಇನ್ನೊಂದನ್ನು ಸಂಜೆಯೂ ಉಚ್ಚರಿಸಿದರೆ ಪ್ರಯೋಜನವಿಲ್ಲ. ಇವು ಮೂರೂ ವಾಕ್ಯದಲ್ಲಿಯೇ ಇರತಕ್ಕವು. ನಾಲ್ಕನೆಯದಾದ ತಾತ್ಪರ್ಯವು ಹಾಗಲ್ಲ; ಅದು ವಕ್ತೃವಿನ ಇಚ್ಛೆ. ಸೈಂಧವವೆಂದರೆ ಉಪ್ಪೂ ಆಗಬಹುದು, ಸಿಂಧುದೇಶದ ಕುದುರೆಯೂ ಆಗಬಹುದು. ಎಲೆಯ ಮುಂದೆ ಕುಳಿತವನು "ಸೈಂಧವವನ್ನು ತಾ" ಎಂದರೆ ಉಪ್ಪನ್ನು ತರಬೇಕು. ಪ್ರಯಾಣಕ್ಕೆ ಹೊರಟುನಿಂತವನು ಹಾಗೆಂದರೆ ಕುದುರೆಯನ್ನು ತರಬೇಕು. ಇದನ್ನು ನಿರ್ಣಯಿಸತಕ್ಕುದು ಪ್ರಕರಣ, ಎಂದರೆ ಸಂದರ್ಭ.

ಈ ಉದಾಹರಣೆಯನ್ನು ಪಾಠಶಾಲೆಯಲ್ಲಿ ಕಲಿತಾಗ ಒಂದಂಶವನ್ನು ನಾನು ಗಮನಿಸಿರಲಿಲ್ಲ. ಊಟದ ಎಲೆಯೂ ಪ್ರಯಾಣದ ಸಿದ್ಧತೆಯೂ ಹೇಳುವವನಿಗೂ ಕೇಳುವವನಿಗೂ ಸಮಾನವಾಗಿ ಕಾಣುವ ವಸ್ತುಗಳು. ಆದರೆ ಸಂಸಾರದಲ್ಲಿ ಅನೇಕ ವೇಳೆ ಇಬ್ಬರ ಪ್ರಕರಣಗಳು ಬೇರೆ ಬೇರೆಯಾಗಿರುತ್ತವೆ. ನನ್ನ ಪ್ರಕರಣವು ಮೇಜಿನ ಮೇಲಿದ್ದ ಅರ್ಜಿ. ಆ ಹುಡುಗನು ಅದನ್ನು ಕಂಡಿರಲಿಲ್ಲ. ಅವನ ಪ್ರಕರಣವು ಹಿಂದಿನ ದಿನ ಟಿಪ್ಪಣಿಯ ಪುಸ್ತಕವನ್ನು ತರಲಿಲ್ಲವೆಂದು ನನ್ನಿಂದಲೇ ತಿಂದ ಬೈಗುಳು. ಅದನ್ನು ನಾನು ಮರೆತುಬಿಟ್ಟಿದ್ದೆನು. ಅದೂ ಅಲ್ಲದೆ "ತಂದೆಯನ್ನು ಕರೆದುಕೊಂಡು ಬಾ" ಎಂಬ ಮಾತಿಗೆ ನಮ್ಮ ಶಾಲೆಗಳಲ್ಲಿ ರೂಢಿಯಿಂದ ಬಂದಿರುವ ಅರ್ಥವು ಯಾವುದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ನಾನು ಉಪ್ಪನ್ನು ಕೇಳಿದೆನು. ಅವನಿಗೆ ಕುದುರೆಯ ಗೊರಸು ಕೇಳಿಸಿತು.

ತಿಳಿವಳಿಕೆಗೆ ಬರುವ ವಿಘ್ನಗಳಲ್ಲಿ ಹೀಗೆ ಸಂದರ್ಭಭೇದವೇ ಮೊದಲನೆಯದು. ವೈದ್ಯನು "ಊಟವಾದ ಮೇಲೆ ದಿನಕ್ಕೆ ಮೂರು ಸಲ" ಎಂದು ಮಾತ್ರೆಯನ್ನು ಕೊಡುತ್ತಾನೆ. ಎರಡೇ ಹೊತ್ತು ಉಣ್ಣುವ ಕೂಲಿಯವನು ಎರಡೇ ಸಲ ತೆಗೆದುಕೊಳ್ಳುತ್ತಾನೆ. ಅಧಿಕಾರಿಯು ಅರ್ಜಿದಾರನಿಗೆ "ನೋಡೋಣ" ಎನ್ನುತ್ತಾನೆ. ಕಚೇರಿಯಲ್ಲಿ ಅದರ ಅರ್ಥವು "ಆಗದು" ಎಂದು. ಹಳ್ಳಿಯಲ್ಲಿ "ಆದೀತು" ಎಂದು. ಆ ಬಡವನು ಬಸ್ಸಿನ ದುಡ್ಡನ್ನು ಸಾಲಮಾಡಿ ಹತ್ತು ಸಲ ಬರುತ್ತಾನೆ.

ಎರಡನೆಯ ವಿಘ್ನವು ಭಯ. ತನಗಿಂತ ಮೇಲಿನವರನ್ನು "ತಾವು ಹೇಳಿದುದು ತಿಳಿಯಲಿಲ್ಲ" ಎಂದು ಕೇಳುವುದಕ್ಕೆ ಮನುಷ್ಯನು ಅಂಜುತ್ತಾನೆ. ಇದನ್ನು ನಾವು ವಿನಯವೆಂದು ಹೊಗಳುವುದೂ ಉಂಟು. ಮೂರನೆಯದು ತಿಳಿಯಿತೆಂಬ ಭ್ರಮೆ. ಛಾಂದೋಗ್ಯೋಪನಿಷತ್ತಿನಲ್ಲಿ ಇಂದ್ರನೂ ವಿರೋಚನನೂ ಆತ್ಮಸ್ವರೂಪವನ್ನು ತಿಳಿಯಲು ಪ್ರಜಾಪತಿಯ ಬಳಿ 32 ವರ್ಷಗಳ ಬ್ರಹ್ಮಚರ್ಯವನ್ನು ನಡೆಸುತ್ತಾರೆ. ಇಬ್ಬರಿಗೂ ಉಪದೇಶವು ಒಂದೇ. ನೀರಿನ ಪಾತ್ರೆಯಲ್ಲಿ ಕಂಡ ದೇಹದ ಪ್ರತಿಬಿಂಬವೇ ಆತ್ಮವೆಂದು ಭಾವಿಸಿ ಇಬ್ಬರೂ ಸಂತುಷ್ಟರಾಗಿ ಹೊರಡುತ್ತಾರೆ. ವಿರೋಚನನು ನೇರವಾಗಿ ಮನೆಗೆ ಹೋಗಿ ಅದನ್ನೇ ಅಸುರರಿಗೆ ಬೋಧಿಸುತ್ತಾನೆ. ಇಂದ್ರನಿಗೆ ದಾರಿಯಲ್ಲಿ ಸಂದೇಹ ಬರುತ್ತದೆ: ದೇಹವು ಕುರುಡಾದರೆ ಈ ಆತ್ಮವೂ ಕುರುಡಾಗುವುದಲ್ಲವೆ ಎಂದು. ಅವನು ಹಿಂತಿರುಗುತ್ತಾನೆ. ಹೀಗೆ ಮತ್ತೆ ಮತ್ತೆ ಬಂದು ಒಟ್ಟು 101 ವರ್ಷಗಳ ಮೇಲೆ ತಿಳಿದುಕೊಳ್ಳುತ್ತಾನೆ. ಮೊದಲನೆಯ ದಿನ ಇಂದ್ರನ ಬುದ್ಧಿಯು ವಿರೋಚನನ ಬುದ್ಧಿಗಿಂತ ಹೆಚ್ಚಿನದಾಗಿರಲಿಲ್ಲ. ಹಿಂತಿರುಗಿ ಬಂದು ಕೇಳಿದುದರಲ್ಲಿಯೇ ಅವನ ಹೆಚ್ಚಳವೆಲ್ಲವೂ ಇದೆ.

ನಾಲ್ಕನೆಯದು ತಿಳಿಯಲೊಲ್ಲದ ಬುದ್ಧಿ. ನ್ಯಾಯಶಾಸ್ತ್ರದಲ್ಲಿ ಇದನ್ನು ಛಲವೆನ್ನುವರು. "ಈ ಹುಡುಗನು ನವಕಂಬಳನು", ಎಂದರೆ ಹೊಸ ಕಂಬಳಿಯುಳ್ಳವನು, ಎಂದರೆ, "ಇವನಲ್ಲಿ ಒಂಬತ್ತು ಕಂಬಳಿಗಳೆಲ್ಲಿವೆ?" ಎಂದು ವಾದಿಸುವವನಿಗೆ ಅರ್ಥವು ತಿಳಿಯದೆ ಇಲ್ಲ. ಐದನೆಯದು ಹೊರಗಿನ ಗದ್ದಲ. 1948ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಎಂಬ ವಿದ್ವಾಂಸನು ತಂತಿ, ಟೆಲಿಫೋನು ಮುಂತಾದವುಗಳಲ್ಲಿ ಸಂದೇಶವು ಗದ್ದಲದ ನಡುವೆ ಕೆಡದಂತೆ ಹೋಗುವ ಬಗೆಯನ್ನು ಗಣಿತದಿಂದ ನಿರೂಪಿಸಿದನು. ಯಂತ್ರದ ಕೆಲಸಕ್ಕೆ ಸಂದೇಶದ ಅರ್ಥವನ್ನು ವಿಚಾರಿಸಬೇಕಾಗಿಲ್ಲವೆಂದು ಆತನು ಆರಂಭದಲ್ಲಿಯೇ ಸ್ಪಷ್ಟಪಡಿಸಿರುವನು. ಈಗ ಕೈಯಲ್ಲಿ ಹಿಡಿಯುವ ಫೋನಿನಲ್ಲಿ ಅಕ್ಷರಗಳು ಒಂದೂ ಕೆಡದೆ ಸಮುದ್ರವನ್ನು ದಾಟುತ್ತವೆ. ಮೊದಲನೆಯ ನಾಲ್ಕು ವಿಘ್ನಗಳಾದರೋ ಇದ್ದಲ್ಲಿಯೇ ಇವೆ.

ಹಾಗಾದರೆ ಪರಿಹಾರವೇನು? ಅದೇ 1948ರಲ್ಲಿ ನಾರ್ಬರ್ಟ್ ವೀನರ್ ಎಂಬ ಗಣಿತಜ್ಞನು, ಯಂತ್ರವಾಗಲಿ ಪ್ರಾಣಿಯಾಗಲಿ ತನ್ನ ಕ್ರಿಯೆಯ ಫಲವನ್ನು ತಾನೇ ತಿರುಗಿ ನೋಡಿ, ಅದಕ್ಕನುಸಾರವಾಗಿ ಮುಂದಿನ ಕ್ರಿಯೆಯನ್ನು ತಿದ್ದಿಕೊಳ್ಳುವುದೆಂಬ ತತ್ತ್ವವನ್ನು ಒಂದು ಶಾಸ್ತ್ರವನ್ನಾಗಿ ಮಾಡಿ, ಅದಕ್ಕೆ ಹಡಗಿನ ಚುಕ್ಕಾಣಿಗನೆಂಬ ಅರ್ಥದ ಗ್ರೀಕ್ ಪದದಿಂದ ಹೆಸರಿಟ್ಟನು. ಚುಕ್ಕಾಣಿಯನ್ನು ತಿರುಗಿಸಿದವನು ಹಡಗು ಎತ್ತ ತಿರುಗಿತೆಂಬುದನ್ನು ನೋಡಬೇಡವೆ? ಮಾತಿನಲ್ಲಿ ಹೀಗೆ ನೋಡುವುದಕ್ಕೆ ಇರುವ ಸಾಧನವು ಕೇಳಿದವನ ಮರುನುಡಿ. ಬೃಹದಾರಣ್ಯಕದಲ್ಲಿ ಪ್ರಜಾಪತಿಯು ದೇವತೆಗಳಿಗೂ ಮನುಷ್ಯರಿಗೂ ಅಸುರರಿಗೂ "ದ" ಎಂಬ ಒಂದೇ ಅಕ್ಷರವನ್ನು ಉಪದೇಶಿಸಿದ ಕಥೆಯು ಪ್ರಸಿದ್ಧವಾಗಿದೆ. ದೇವತೆಗಳು ಇಂದ್ರಿಯನಿಗ್ರಹವೆಂದೂ, ಮನುಷ್ಯರು ದಾನವೆಂದೂ, ಅಸುರರು ದಯೆಯೆಂದೂ ತಿಳಿದರು. ತಮ್ಮ ತಮ್ಮ ಕೊರತೆಗೆ ತಕ್ಕಂತೆ ಅರ್ಥಮಾಡಿದರೆಂದು ಇದನ್ನು ವ್ಯಾಖ್ಯಾನಿಸುವುದುಂಟು. ಆದರೆ ಕಥೆಯಲ್ಲಿ ಇನ್ನೊಂದು ವಿಷಯವಿದೆ. ಪ್ರಜಾಪತಿಯು ಅಕ್ಷರವನ್ನು ಹೇಳಿ ಸುಮ್ಮನಾಗಲಿಲ್ಲ. ತಿಳಿಯಿತೆ ಎಂದು ಕೇಳಿದನು. ಅವರೂ "ತಿಳಿಯಿತು" ಎಂದಷ್ಟೇ ಹೇಳದೆ, ತಿಳಿದುದು ಏನೆಂಬುದನ್ನು ತಮ್ಮ ಮಾತಿನಲ್ಲಿ ಹೇಳಿದರು. ಆಮೇಲೆ ಅವನು ಸರಿಯೆಂದು ಒಪ್ಪಿದನು. ಪ್ರಶ್ನೆ, ಮರುನುಡಿ, ಒಪ್ಪಿಗೆ ಎಂಬ ಈ ಮೂರು ಮೆಟ್ಟಿಲುಗಳಾದ ಮೇಲೆಯೇ ಉಪದೇಶವು ಮುಗಿಯಿತು.

ಗೌತಮನ ನ್ಯಾಯಸೂತ್ರಗಳಲ್ಲಿ ಇದಕ್ಕೆ ನಿಯಮವೇ ಇದೆ. ವಾದದಲ್ಲಿ ಸೋಲಿಗೆ ಕಾರಣವಾಗುವ 22 ನಿಗ್ರಹಸ್ಥಾನಗಳನ್ನು ಹೇಳುತ್ತ, ಮೂರು ಸಲ ಹೇಳಿದರೂ ಸಭೆಗೂ ಪ್ರತಿವಾದಿಗೂ ತಿಳಿಯದಂತೆ ಮಾತನಾಡಿದರೆ ಅದು ಅವಿಜ್ಞಾತಾರ್ಥವೆಂಬ ದೋಷವೆಂದೂ, ಸೋಲು ಹೇಳಿದವನದೆಂದೂ ವಿಧಿಸಿದ್ದಾರೆ. ಮೂರು ಸಲ ಹೇಳಿ, ಸಭೆಗೆ ತಿಳಿದಿದ್ದು, ಪ್ರತಿವಾದಿಯು ಮಾತ್ರ ಅದನ್ನು ತಿರುಗಿ ಹೇಳಲಾರದೆ ಹೋದರೆ ಅದು ಅನನುಭಾಷಣವೆಂಬ ದೋಷ. ಆಗ ಸೋಲು ಕೇಳಿದವನದು. ಹೊಣೆಯನ್ನು ಇದಕ್ಕಿಂತ ನ್ಯಾಯವಾಗಿ ಹಂಚಲು ಸಾಧ್ಯವೆಂದು ನನಗೆ ತೋರುವುದಿಲ್ಲ. "ಹೇಳುವವರು ಹುಚ್ಚರಾದರೆ ಕೇಳುವವರು ಹುಚ್ಚರೇ" ಎಂಬ ನಮ್ಮ ಗಾದೆಯು ಹೊಣೆಯನ್ನೆಲ್ಲ ಕೇಳುವವನ ಮೇಲೆ ಹಾಕುತ್ತದೆ. ಶಾಸ್ತ್ರಕಾರರಾದರೋ ಹೇಳುವವನಿಗೆ ಮೊದಲು ಮೂರು ಸಲದ ಸಾಲವನ್ನು ಹೊರಿಸಿ, ಬಳಿಕ ಕೇಳುವವನ ಕಡೆಗೆ ತಿರುಗುತ್ತಾರೆ. ಈ ತಕ್ಕಡಿಯಲ್ಲಿ ನನ್ನನ್ನು ತೂಗಿ ನೋಡಿದೆನು. ನಾನು ಹೇಳಿದುದು ಒಂದೇ ಸಲ. ಸಭೆಯೆಂದರೆ ಆ ತರಗತಿಯ ಹುಡುಗರು. ಅವರೂ ಅದನ್ನು ಶಿಕ್ಷೆಯೆಂದೇ ತಿಳಿದು ಅವನ ಮುಖವನ್ನು ನೋಡುತ್ತಿದ್ದರೆಂದು ಆಮೇಲೆ ತಿಳಿದುಬಂದಿತು. ತೀರ್ಪು ಸ್ಪಷ್ಟವಾಗಿಯೇ ಇದೆ.

ಇದು ಪಂಡಿತರ ಸಭೆಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಯಾರೂ ಭಾವಿಸಬಾರದು. 1977ನೆಯ ಮಾರ್ಚಿ 27ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ವಿಮಾನನಿಲ್ದಾಣದಲ್ಲಿ ಮಂಜು ಕವಿದಿದ್ದಿತು. ಒಂದು ಡಚ್ ವಿಮಾನವು ಓಡುದಾರಿಯ ತುದಿಯಲ್ಲಿ ನಿಂತಿದ್ದಿತು; ಅದೇ ದಾರಿಯಲ್ಲಿ ಅಮೆರಿಕದ ಇನ್ನೊಂದು ವಿಮಾನವು ಇನ್ನೂ ಚಲಿಸುತ್ತಿದ್ದಿತು. ನಿಯಂತ್ರಣಾಧಿಕಾರಿಯು ಡಚ್ ವಿಮಾನಕ್ಕೆ, ಮೇಲೇರಿದ ಬಳಿಕ ಹೋಗಬೇಕಾದ ಮಾರ್ಗವನ್ನು ತಿಳಿಸಿದನು. ಮೇಲೇರಲು ಅಪ್ಪಣೆಯನ್ನು ಕೊಟ್ಟಿರಲಿಲ್ಲ. ವಿಮಾನದವರು ಮಾರ್ಗವನ್ನು ತಿರುಗಿ ಹೇಳಿ, ತಾವು ಮೇಲೇರುತ್ತಿರುವೆವೆಂದೋ ಮೇಲೇರುವ ಸ್ಥಳದಲ್ಲಿರುವೆವೆಂದೋ ಎರಡು ಬಗೆಯಾಗಿ ಅರ್ಥವಾಗುವ ಮಾತೊಂದನ್ನು ಸೇರಿಸಿದರು. ಅಧಿಕಾರಿಯು "ಓಕೆ" ಎಂದು, ಕ್ಷಣಕಾಲ ತಡೆದು, ಕಾಯಿರೆಂದನು. ಅದೇ ಕ್ಷಣದಲ್ಲಿ ಅಮೆರಿಕದ ವಿಮಾನದವರು ತಾವಿನ್ನೂ ದಾರಿಯಲ್ಲಿಯೇ ಇರುವೆವೆಂದು ಕೂಗಿದರು. ಎರಡು ಧ್ವನಿಗಳೂ ರೇಡಿಯೋದಲ್ಲಿ ಒಂದನ್ನೊಂದು ನುಂಗಿ, ಡಚ್ ವಿಮಾನದಲ್ಲಿ "ಓಕೆ" ಎಂಬುದೊಂದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅಲ್ಲಿದ್ದ ಇಂಜಿನಿಯರನು, ಆ ವಿಮಾನವು ದಾರಿಯನ್ನು ಬಿಟ್ಟಿಲ್ಲವೇನೋ ಎಂದು ಸಂದೇಹವನ್ನು ಸೂಚಿಸಿದನು. ಹಿರಿಯನಾದ ನಾಯಕನು ಬಿಟ್ಟಿದೆಯೆಂದು ಖಂಡಿತವಾಗಿ ನುಡಿದನು. ಆ ಬಳಿಕ ಇಂಜಿನಿಯರನು ಮತ್ತೆ ಕೇಳಲಿಲ್ಲ. 583 ಮಂದಿ ಮಡಿದರು.

ಸಂದರ್ಭಭೇದ, ಭಯ, ತಿಳಿಯಿತೆಂಬ ಭ್ರಮೆ, ಹೊರಗಿನ ಗದ್ದಲ ಎಂಬ ನಾಲ್ಕು ವಿಘ್ನಗಳೂ ಒಂದೇ ನಿಮಿಷದಲ್ಲಿ ಅಲ್ಲಿ ಕೂಡಿಬಂದುವು. ಮೇಲೇರುವುದನ್ನು ಸೂಚಿಸುವ ಪದವನ್ನು ಆ ಅಪ್ಪಣೆಯನ್ನು ಕೊಡುವಾಗ ಅಥವಾ ಹಿಂತೆಗೆದುಕೊಳ್ಳುವಾಗ ಮಾತ್ರ ಉಚ್ಚರಿಸತಕ್ಕದ್ದೆಂಬ ನಿಯಮವು ಆ ದುರಂತದ ಬಳಿಕ ಜಾರಿಗೆ ಬಂದಿತು. ಕಿರಿಯರು ಹಿರಿಯರನ್ನು ನಿರ್ಭಯವಾಗಿ ಪ್ರಶ್ನಿಸುವಂತೆ ವೈಮಾನಿಕರಿಗೆ ಶಿಕ್ಷಣವನ್ನು ಕೊಡುವ ಪದ್ಧತಿಯೂ ಬೆಳೆಯಿತು.

ಆದರೆ ಮರುನುಡಿಯೂ ಬರಿಯ ಬಾಯಿಪಾಠವಾದರೆ ಸಾಲದು. 1996ನೆಯ ನವೆಂಬರು 12ರಂದು ಹರಿಯಾಣದ ಚರಖಿ ದಾದ್ರಿಯ ಮೇಲೆ ಸೌದಿ ಅರೇಬಿಯದ ವಿಮಾನವೂ ಕಜಾಕಸ್ತಾನದ ವಿಮಾನವೂ ಆಕಾಶದಲ್ಲಿ ಡಿಕ್ಕಿಹೊಡೆದು 349 ಮಂದಿ ಮಡಿದರು. ಇಳಿಯುತ್ತಿದ್ದ ಕಜಾಕ್ ವಿಮಾನಕ್ಕೆ 15,000 ಅಡಿಯ ಎತ್ತರವನ್ನೂ, ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿಯ ಎತ್ತರವನ್ನೂ ದೆಹಲಿಯಿಂದ ಗೊತ್ತುಮಾಡಿದ್ದರು. ಎತ್ತರವನ್ನು ತಲಪಿದೆವೆಂದು ಕಜಾಕ್ ವಿಮಾನದಿಂದ ಉತ್ತರವೂ ಬಂದಿತ್ತು. ಆದರೂ ಅದು ಇನ್ನೂ ಕೆಳಕ್ಕೆ ಇಳಿಯಿತು. ನ್ಯಾಯಮೂರ್ತಿ ಲಾಹೋಟಿಯವರ ವಿಚಾರಣೆಯಲ್ಲಿ, ಆ ವಿಮಾನದವರಿಗೆ ಇಂಗ್ಲಿಷಿನ ಜ್ಞಾನವು ಸಾಲದೆ ಇದ್ದುದೂ ಒಂದು ಕಾರಣವೆಂದು ಕಂಡುಬಂದಿತು. ಅಂಕಿಯು ತಿರುಗಿ ಬಂದಿತು, ಅರ್ಥವು ಬರಲಿಲ್ಲ. ನನ್ನ ತರಗತಿಗಳಲ್ಲಿ "ತಿಳಿಯಿತೆ?" ಎಂದು ಕೇಳಿದಾಗ ಐವತ್ತು ಕಂಠಗಳಿಂದ ಒಟ್ಟಿಗೆ ಬರುತ್ತಿದ್ದ "ತಿಳಿಯಿತು ಸಾರ್" ಎಂಬ ಘೋಷವೂ ಇದೇ ಜಾತಿಯದು. ಅದರಿಂದ ನನಗೆ ಗೊತ್ತಾಗುತ್ತಿದ್ದುದು ಗಂಟೆ ಹೊಡೆಯುವ ಹೊತ್ತಾಯಿತೆಂಬುದೊಂದೇ.

ಇಲ್ಲಿ ಒಂದು ಆಕ್ಷೇಪಣೆಯನ್ನು ತರಬಹುದು. ಎಲ್ಲ ಮಾತನ್ನೂ ಹೀಗೆ ಬಿಡಿಸಿ ಹೇಳಬೇಕಾದರೆ ಕಾವ್ಯವೆಲ್ಲಿ ಉಳಿದೀತು? ಹೇಳದೆ ಉಳಿದುದೇ ಕಾವ್ಯದ ಜೀವವೆಂದು ಒಂಬತ್ತನೆಯ ಶತಮಾನದಲ್ಲಿಯೇ ಆನಂದವರ್ಧನನು ಸ್ಥಾಪಿಸಲಿಲ್ಲವೆ? ನಿಜವೇ. ಆದರೆ ಧ್ವನಿಯನ್ನು ಗ್ರಹಿಸುವುದಕ್ಕೆ ಸಹೃದಯನು ಬೇಕೆಂದು ಆ ಸಂಪ್ರದಾಯದವರೇ ಹೇಳಿರುವರು. ಸಹೃದಯನೆಂದರೆ ಕವಿಯೊಡನೆ ಸಮಾನವಾದ ಸಂಸ್ಕಾರವುಳ್ಳವನು. ಕಾವ್ಯದಲ್ಲಿ ಒಂದು ಪದವು ನಾಲ್ಕು ಅರ್ಥಗಳನ್ನು ಕೊಟ್ಟರೆ ಓದುಗನಿಗೆ ಲಾಭ. ಅಪ್ಪಣೆಯಲ್ಲಿಯೂ ಔಷಧಿಯ ಚೀಟಿಯಲ್ಲಿಯೂ ಎರಡು ಅರ್ಥಗಳನ್ನು ಕೊಟ್ಟರೆ ಪ್ರಾಣಕ್ಕೆ ಅಪಾಯ. ಸಂಕ್ಷೇಪವಾಗಿ ಆಡುವ ಅಧಿಕಾರವು ಸಮಾನಹೃದಯರ ನಡುವೆ ಮಾತ್ರ ಉಂಟು. ನಾನು ಒಬ್ಬ ಹದಿನಾಲ್ಕು ವರ್ಷದ ಬಾಲಕನೊಡನೆ ಅಂತಹ ಅಧಿಕಾರವು ನನಗಿದೆಯೆಂದು ಭಾವಿಸಿದೆನು.

ಇನ್ನೊಂದು ಆಕ್ಷೇಪಣೆಯು ಹೆಚ್ಚು ಬಲವುಳ್ಳದ್ದು. "ನಾನು ಸತ್ಯವನ್ನೇ ಹೇಳಿದೆನು, ಕೇಳಿದವನು ಅನ್ಯಥಾ ತಿಳಿದರೆ ನನಗೆ ಪಾಪವೆಲ್ಲಿಯದು?" ಎಂದು. ಧರ್ಮರಾಯನ ಕಥೆಯನ್ನು ನೆನೆಯಬೇಕು. ಅಶ್ವತ್ಥಾಮನೆಂಬ ಆನೆಯು ಸತ್ತದ್ದು ನಿಜ. ಆನೆಯೆಂಬ ಮಾತನ್ನು ಅವನು ಸೇರಿಸಿದ್ದೂ ನಿಜ. ಆದರೆ ಅದನ್ನು ದ್ರೋಣನಿಗೆ ಕೇಳಿಸದಂತೆ ನುಡಿದನು. ಅದುವರೆಗೆ ನೆಲವನ್ನು ಮುಟ್ಟದೆ ನಾಲ್ಕಂಗುಲ ಮೇಲೆ ಚಲಿಸುತ್ತಿದ್ದ ಅವನ ರಥವು ಆಗ ನೆಲಕ್ಕೆ ಇಳಿಯಿತು. ವಾಕ್ಯದ ಸತ್ಯವು ಅವನನ್ನು ಕಾಪಾಡಲಿಲ್ಲ. ಕೇಳಿದವನ ಮನಸ್ಸಿನಲ್ಲಿ ಹುಟ್ಟಿದ ಅಸತ್ಯದಿಂದಲೇ ಅವನನ್ನು ತೂಗಿದರು. ಯೋಗಸೂತ್ರಗಳಿಗೆ ವ್ಯಾಸರು ಬರೆದ ಭಾಷ್ಯದಲ್ಲಿ ಸತ್ಯವನ್ನು ವಿವರಿಸುತ್ತ, ಮಾತನ್ನಾಡುವುದು ತನ್ನ ತಿಳಿವಳಿಕೆಯನ್ನು ಇನ್ನೊಬ್ಬರಲ್ಲಿ ಉಂಟುಮಾಡುವುದಕ್ಕಾಗಿಯೆಂದೂ, ಅದು ವಂಚನೆಯಾಗಿಯೂ ಭ್ರಾಂತಿಯಾಗಿಯೂ ಇರಬಾರದೆಂದೂ ಹೇಳಿ, ಅಷ್ಟಕ್ಕೇ ನಿಲ್ಲಿಸದೆ, ಕೇಳಿದವನಲ್ಲಿ ತಿಳಿವನ್ನು ಹುಟ್ಟಿಸದ ಬಂಜೆ ಮಾತೂ ಆಗಿರಬಾರದೆಂದಿದ್ದಾರೆ. ಸತ್ಯವ್ರತನಿಗೆ ಸುಳ್ಳನ್ನು ಬಿಟ್ಟರೆ ಸಾಲದು. ತಿಳಿಯುವಂತೆ ಹೇಳುವ ಶ್ರಮವೂ ವ್ರತದೊಳಗೆ ಸೇರಿದೆಯೆಂದು ಇದರಿಂದ ಏರ್ಪಡುತ್ತದೆ. ಧರ್ಮರಾಯನು ಬೇಕೆಂದೇ ಮಾಡಿದನು, ನಾನು ಅಜಾಗರೂಕತೆಯಿಂದ ಮಾಡಿದೆನು. ಈ ಭೇದವು ಇದ್ದೇ ಇದೆ. ಆದರೆ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಆ ಹುಡುಗನಿಗೆ ಈ ಭೇದದಿಂದ ಏನಾಯಿತು?

ಹಾಗೆಂದು ಕೇಳುವವನು ಪೂರ್ಣವಾಗಿ ಮುಕ್ತನೆಂದು ನಾನು ಹೇಳುವುದಿಲ್ಲ. ಇಂದ್ರನಂತೆ ಹಿಂತಿರುಗಿ ಬರುವುದು ಅವನ ಕರ್ತವ್ಯ. ಆದರೆ ಹಿಂತಿರುಗಿ ಬರುವುದಕ್ಕೆ ದಾರಿಯು ತೆರೆದಿರಬೇಕು. ಬಂದು ಕೇಳಿದವನನ್ನು "ಇಷ್ಟೂ ತಿಳಿಯದೆ?" ಎಂದು ಗದರಿಸುವ ಗುರುವಿನ ಬಳಿಗೆ ಇಂದ್ರನೂ ಎರಡನೆಯ ಸಲ ಬಾರನು. ಆದುದರಿಂದ ಇಬ್ಬರಲ್ಲಿ ಯಾರಿಗೆ ಬಲವು ಹೆಚ್ಚೋ, ಅಧಿಕಾರವೂ ವಯಸ್ಸೂ ವಿದ್ಯೆಯೂ ಯಾರ ಕಡೆಗಿವೆಯೋ, ಅವನ ಮೇಲೆಯೇ ಹೊಣೆಯ ಹೆಚ್ಚಿನ ಭಾಗವು ಬೀಳತಕ್ಕದ್ದೆಂದು ನನ್ನ ಅಭಿಪ್ರಾಯ. ಸಮಾನರ ನಡುವೆ ಅರ್ಧರ್ಧ ಹಂಚಿಕೊಳ್ಳಲಿ.

ಆ ವರ್ಷದಿಂದ ನಿವೃತ್ತನಾಗುವವರೆಗೆ ನಾನು ತರಗತಿಯಲ್ಲಿ "ತಿಳಿಯಿತೆ?" ಎಂದು ಕೇಳುವುದನ್ನು ಬಿಟ್ಟುಬಿಟ್ಟೆನು. ಒಬ್ಬನನ್ನು ನಿಲ್ಲಿಸಿ, "ನಾನು ಹೇಳಿದುದೇನು, ನಿನ್ನ ಮಾತಿನಲ್ಲಿ ಹೇಳಪ್ಪ, ತಪ್ಪಾದರೆ ಅದು ನನ್ನ ತಪ್ಪು" ಎನ್ನುತ್ತಿದ್ದೆನು. ಕಡೆಯ ಮಾತನ್ನು ಸೇರಿಸಿದರೆ ಹುಡುಗರು ಧೈರ್ಯವಾಗಿ ಉತ್ತರವನ್ನು ಕೊಡುತ್ತಿದ್ದರು. ತಂದೆತಾಯಿಗಳನ್ನು ಕರೆಸಬೇಕಾದಾಗ, ಕಾರಣವನ್ನು ಮೊದಲು ಹೇಳಿ, "ಮನೆಗೆ ಹೋಗಿ ಏನೆಂದು ಹೇಳುವೆ?" ಎಂದು ಕೇಳಿ, ಉತ್ತರವು ಸರಿಯಾಗಿದ್ದರೆ ಮಾತ್ರ ಕಳುಹಿಸುತ್ತಿದ್ದೆನು. ಇದಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಲವು ಹಿಡಿಯುತ್ತಿರಲಿಲ್ಲ. ಅಂದು ಬಾಗಿಲಲ್ಲಿ ನಾನು ಉಳಿಸಿಕೊಂಡುದೂ ಅಷ್ಟೇ ಕಾಲ.